ಬಣ್ಣದ ಕೆಳಗಿನ ತುಕ್ಕು

ಮಕ್ಕಳೇ, ಕುಮಟೆಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನ ಇಲ್ಲ. ಇಪ್ಪತ್ತು ವರ್ಷಗಳಿಂದ ಅಲ್ಲಿ ನಿಂತಿರುವುದು ಒಂದು ಕಾರು. 1980ರ ಪ್ರೀಮಿಯರ್ ಪದ್ಮಿನಿ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ‘ಫಿಯೆಟ್’ ಎಂದರೆ ಥಟ್ಟನೆ ಗುರುತು ಹಿಡಿಯುತ್ತಾರೆ. ಇಟಲಿಯ ಫಿಯೆಟ್ ಕಂಪನಿಯ ವಿನ್ಯಾಸವನ್ನು ತಂದು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಕಾರು ಅದು. 1089 ಸಿ.ಸಿ. ಎಂಜಿನ್, ನಾಲ್ಕು ಸಿಲಿಂಡರ್. ಗೇರಿನ ಕೋಲು ಸ್ಟಿಯರಿಂಗಿನ ಬದಿಯಲ್ಲೇ ಇರುತ್ತದೆ. ಮುಂದಿನ ಸೀಟು ಬೆಂಚಿನಂತೆ ಉದ್ದ, ಮಕ್ಕಳೊಬ್ಬರು ನಡುವೆ ತೂರಿಕೊಳ್ಳಬಹುದು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ.

ಬೆಂಗಳೂರಿನಲ್ಲಿರುವ ನನ್ನ ಮಗ ಮನೆಗೆ ಬಂದಾಗಲೆಲ್ಲ ಒಂದೇ ಮಾತು: “ಅಪ್ಪಾ, ಅದನ್ನು ಗುಜರಿಗೆ ಹಾಕಿ.” ಹೋದ ಬೇಸಿಗೆ ರಜೆಗೆ ಬಂದ ಅವನ ಮಗಳು ಮಾತ್ರ ಕಾರಿನ ಸುತ್ತ ಎರಡು ಸುತ್ತು ಬಂದು, “ಅಜ್ಜಾ, ಇದನ್ನು ನಾವೇ ಸರಿ ಮಾಡೋಣವಾ?” ಎಂದಳು. ಒಂಬತ್ತನೇ ತರಗತಿಗೆ ಹೋಗಲಿರುವ ಹುಡುಗಿ. ನನಗೆ ಎಪ್ಪತ್ತೈದು. ಇಬ್ಬರೂ ಹೊರಟೆವು.

ಮೊದಲು ನಿಯಮಗಳು. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು, ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಮುಖಕ್ಕೆ ಮಾಸ್ಕ್ ಹಾಕಿ, ನೀರು ಹಚ್ಚಿಕೊಂಡೇ ಉಜ್ಜಬೇಕು. ಪೆಟ್ರೋಲು, ಬೆಂಕಿ, ವೆಲ್ಡಿಂಗ್ ದೊಡ್ಡವರ ಕೆಲಸ.

ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟುಗಳನ್ನು ಬಿಚ್ಚಿ ತೆಗೆಯುವುದರಲ್ಲೇ ಒಂದು ವಾರ ಹೋಯಿತು. “ಹಿತ್ತಾಳೆ ಚೊಂಬಿಗೆ ಹುಣಸೆಹುಳಿ ಹಚ್ಚುವುದಿಲ್ಲವೇ, ಇದಕ್ಕೂ ಹುಳಿಯೇ ಔಷಧ” ಎಂದಳು ನನ್ನ ಹೆಂಡತಿ. ಸರಿಯಾದ ಮಾತು. ನಾವು ವಿನೆಗರ್ ತಂದು, ಬಿಚ್ಚಿದ ಬೋಲ್ಟುಗಳನ್ನು ರಾತ್ರಿಯಿಡೀ ಅದರಲ್ಲಿ ನೆನೆಹಾಕಿದೆವು. ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಂದು ಪುಡಿ ಉದುರಿ ಕಬ್ಬಿಣ ಕಾಣಿಸಿತು. ಹುಳಿಯ ಅಂಶ ಉಳಿಯದಂತೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಟ್ಟೆವು.

ಎರಡನೇ ವಾರ ಮೊಮ್ಮಗಳು ಚಾಲಕನ ಬಾಗಿಲಿನ ಕೆಳಗಿನ ಪಟ್ಟಿಯನ್ನು ಉಜ್ಜುತ್ತಿದ್ದಳು. ಅಲ್ಲಿ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಬಣ್ಣ ಹೋಯಿತು, ಅದರ ಕೆಳಗೆ ಬೂದು ಬಣ್ಣದ ಪುಟ್ಟಿ ಬಂತು. ಪುಟ್ಟಿಯನ್ನು ಎಬ್ಬಿಸಿದರೆ ಅಂಗೈ ಅಗಲದ ತೂತು. ತೂತಿನೊಳಗೆ ತುರುಕಿದ್ದ ಹಳೇ ಪೇಪರಿನ ಉಂಡೆ.

“ಅಜ್ಜಾ, ಇದೇನು?” ಎಂದು ಅದನ್ನು ಮೆಲ್ಲಗೆ ಬಿಡಿಸಿದಳು. ಅರ್ಧ ಕೊಳೆತ ಕಾಗದದ ಮೇಲ್ತುದಿಯಲ್ಲಿ ತಾರೀಕು ಉಳಿದಿತ್ತು: ಮಾರ್ಚ್ 1996.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಪ್ಪ ಕಾರನ್ನು ಸಮುದ್ರಕ್ಕೆ ಒಯ್ದಿದ್ದು 1998ರಲ್ಲಿ ಅಂತ ನೀವೇ ಹೇಳಿದ್ದಲ್ಲವಾ?”

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಲೇಜಿನಲ್ಲಿದ್ದಾಗ ಮಗ ಗೆಳೆಯರನ್ನು ಕೂಡಿಸಿಕೊಂಡು ಕಾರನ್ನು ಕಡಲ ದಂಡೆಯ ಮರಳಿನ ಮೇಲೆ ಓಡಿಸಿ, ಉಪ್ಪುನೀರು ಸಿಡಿಸಿಕೊಂಡು ತಂದಿದ್ದ. ಮುಂದೆ ನೆಲದ ತಗಡು ಕಿತ್ತು ಕಾರು ಮೂಲೆಗೆ ಸೇರಿದಾಗ, “ಇವನೇ ಹಾಳು ಮಾಡಿದ್ದು” ಎಂದು ನೆಂಟರೆದುರೂ ಹೇಳುತ್ತ ಬಂದೆ. ಅವನು ಒಮ್ಮೆಯೂ ಎದುರು ಮಾತಾಡಲಿಲ್ಲ. ಕೊಟ್ಟಿಗೆಯ ಕಡೆಗೆ ಹೋಗುವುದನ್ನೇ ಬಿಟ್ಟ.

ಪೇಪರು ತುರುಕಿದ್ದು ನಾನು. 1996ರಲ್ಲಿ ಅಕ್ಕನ ಮಗಳ ಮದುವೆಗೆ ಹದಿನೈದು ದಿನ ಇತ್ತು, ದಿಬ್ಬಣಕ್ಕೆ ಈ ಕಾರೇ ಬೇಕಿತ್ತು. ಕೊಳೆತ ತಗಡನ್ನು ಕತ್ತರಿಸಿ ಹೊಸದು ಬೆಸೆಯಬೇಕು ಎಂದು ಟಿಂಕರಿಂಗ್ ಮೇಸ್ತ್ರಿ ಹೇಳಿದ್ದ. ಖರ್ಚು ಉಳಿಸಲು ನಾನೇ ಪುಟ್ಟಿ ಮೆತ್ತಿ ಬಣ್ಣ ಹೊಡೆದೆ. ಮದುವೆಯ ಫೋಟೋದಲ್ಲಿ ಕಾರು ಹೊಳೆಯುತ್ತಿದೆ. ಕಾಲ ಕಳೆದಂತೆ ನಾನು ಹೇಳಿದ್ದನ್ನೇ ನಾನು ನಂಬಿಬಿಟ್ಟೆ.

ಬಣ್ಣ ಬಳಿದರೂ ತುಕ್ಕು ಹೇಗೆ ಬೆಳೆಯಿತು ಎಂದು ಕೇಳುತ್ತೀರಾ? ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿಗೆ ಬರವಿಲ್ಲ. ಅಲ್ಯೂಮಿನಿಯಂ ಮೇಲೆ ಹುಟ್ಟುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಚಕ್ಕೆಯಾಗಿ ಉದುರುತ್ತದೆ. ಉದುರಿದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ. ನಾನು ತುರುಕಿದ್ದ ಪೇಪರು ತೇವವನ್ನು ಹೀರಿ ಒಳಗೇ ಹಿಡಿದಿಟ್ಟಿತ್ತು. ಮಗನ ಉಪ್ಪುನೀರಿಗೂ ಒಂದು ಪಾಲು ಇರಬಹುದು, ಆದರೆ ತೂತು ಅದಕ್ಕೂ ಮೊದಲೇ ಇತ್ತು.

“ಅಪ್ಪನಿಗೆ ನಾನು ಹೇಳಲಾ, ನೀವು ಹೇಳುತ್ತೀರಾ?” ಎಂದಳು ಮೊಮ್ಮಗಳು.

“ನಾನೇ ಹೇಳುತ್ತೇನೆ ಕೂಸೇ” ಎಂದೆ. ಹೇಳಲು ಎರಡು ದಿನ ಬೇಕಾಯಿತು. ಮೂರನೇ ಸಂಜೆ ಫೋನ್ ಮಾಡಿ ಪೇಪರಿನ ವಿಷಯ ಹೇಳಿದೆ. “ತಪ್ಪು ನನ್ನದು ಮಗಾ, ಇಷ್ಟು ವರ್ಷ ನಿನ್ನ ತಲೆಗೆ ಕಟ್ಟಿದೆ” ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಬ್ರೇಕ್ ನೋಡಿದಿರಾ ಅಪ್ಪಾ? ಎಂಜಿನ್‌ಗಿಂತ ಮೊದಲು ಬ್ರೇಕ್ ನೋಡಿ” ಎಂದ.

ಅಷ್ಟರಲ್ಲಿ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟು ಮೇಸ್ತ್ರಿಯನ್ನು ಕರೆಸಿದೆವು. ಅವರು ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದನ್ನು ಬೆಸೆದರು. ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಆ ರಂಧ್ರಗಳಿಗೆ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು ಐದು ದಿನ ಕಾದೆವು. ಆರನೇ ದಿನ ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿದಾಗ ಕೂದಲೆಳೆಯಷ್ಟು ಅಲುಗಿತು. ಮೊಮ್ಮಗಳು ಕಿರುಚಿದ ಸದ್ದಿಗೆ ಅಜ್ಜಿ ಅಡುಗೆಮನೆಯಿಂದ ಓಡಿಬಂದಳು.

ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಮಗ ಬಂದ. ಬೆಳಿಗ್ಗೆ ದೋಸೆ ತಿಂದವನು ಲುಂಗಿ ಎತ್ತಿ ಕಟ್ಟಿಕೊಂಡು ತಾನಾಗಿಯೇ ಕೊಟ್ಟಿಗೆಗೆ ನಡೆದ. ಬ್ರೇಕಿನ ಒಳಗಿನ ರಬ್ಬರುಗಳು ಸತ್ತುಹೋಗಿದ್ದವು, ಹೊಸವು ಹಾಕಿಸಿದ್ದೆವು. ಇನ್ನು ಕೊಳವೆಯಲ್ಲಿ ಸಿಕ್ಕ ಗಾಳಿಯನ್ನು ಹೊರಹಾಕಬೇಕು, ಗಾಳಿ ಉಳಿದರೆ ಪೆಡಲ್ ತುಳಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಬಿಗಿಯಬೇಕು. ಅದಾದ ಮೇಲೆಯೇ ಪೆಡಲ್ ಬಿಡಬೇಕು.

ಮಗ ಸೀಟಿನಲ್ಲಿ ಕೂತ. ನಾನು ಹಿಂದಿನ ಚಕ್ರದ ಬಳಿ ಮಣೆ ಹಾಕಿಕೊಂಡೆ. ಮೊಮ್ಮಗಳು ಬಾಟಲಿ ಹಿಡಿದು ಗಾಳಿಗುಳ್ಳೆ ಎಣಿಸಿದಳು.

“ಒತ್ತು.” “ಒತ್ತಿದೆ ಅಪ್ಪಾ.” “ಹಿಡಿ... ಈಗ ಬಿಡು.”

ಮಧ್ಯಾಹ್ನದವರೆಗೆ ನಾವಿಬ್ಬರು ಆಡಿದ್ದು ಇಷ್ಟೇ ಮಾತು. ಇಪ್ಪತ್ತು ವರ್ಷದಲ್ಲಿ ಒಂದೇ ದಿನ ಇಷ್ಟು ಸಲ ಅವನು ನನ್ನನ್ನು ಅಪ್ಪಾ ಎಂದದ್ದು ನೆನಪಿಲ್ಲ.

ಕಾರು ರಸ್ತೆಗೆ ಇಳಿಯಲು ಇನ್ನೂ ಕೆಲಸವಿದೆ. ಬಣ್ಣ ಆಗಬೇಕು, ವೈರು ಬದಲಿಸಬೇಕು, ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ದೀಪಾವಳಿಗೆ ಬರುತ್ತೇನೆ ಎಂದಿದ್ದಾನೆ ಮಗ. ಆ ಪೇಪರಿನ ಚೂರನ್ನು ಒಲೆಗೆ ಹಾಕೋಣ ಎಂದರೆ ಮೊಮ್ಮಗಳು ಒಪ್ಪಲಿಲ್ಲ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕಾರಿನ ಕಾಗದಪತ್ರಗಳ ಜೊತೆಗೇ ಇಟ್ಟಿದ್ದಾಳೆ.