ಆಪರೇಷನ್ ಹುಬ್ಬಳ್ಳಿಯಲ್ಲಾಗಲಿ, ನಡಿಗೆ ನಮ್ಮೂರಲ್ಲೇ ಕಲಿಸಿ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಸನ್ಮಾನ್ಯರೇ,

ಧಾರವಾಡ ಜಿಲ್ಲೆ ಅಣ್ಣಿಗೇರಿ ತಾಲ್ಲೂಕಿನ ಶಲವಡಿಯಿಂದ ಬರೆಯುತ್ತಿದ್ದೇನೆ. ದೊಡ್ಡ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರನ್ನು ಮತ್ತೆ ಎಬ್ಬಿಸಿ ಓಡಾಡಿಸುವ ಕೆಲಸ ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲೇ ನಡೆಯಬೇಕು. ಅದಕ್ಕಾಗಿ ವಾರದ ಗೊತ್ತಾದ ದಿನ ಒಬ್ಬ ಫಿಸಿಯೋಥೆರಪಿಸ್ಟ್ ಇಲ್ಲಿಗೆ ಬರಬೇಕು. ಈ ಬೇಡಿಕೆಯನ್ನು ತಮ್ಮ ಮುಂದಿಡುವುದೇ ಈ ಪತ್ರದ ಉದ್ದೇಶ.

ಆಪರೇಷನ್ ಮಟ್ಟಿಗೆ ಸರ್ಕಾರ ಮಾಡಿದ್ದನ್ನು ನಾವು ಮರೆತಿಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮೆಡಿಕಲ್ ಕಾಲೇಜು, ನಾವೆಲ್ಲ ಕಿಮ್ಸ್ ಎಂದು ಕರೆಯುತ್ತ ಬಂದ ಆಸ್ಪತ್ರೆ, ಈ ಭಾಗದ ಬಡವರಿಗೆ ದೊಡ್ಡ ಆಸರೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತಿದೆ. ಎತ್ತು ಮಾರಿ, ಹೊಲ ಒತ್ತೆಯಿಟ್ಟು ಮಾಡಿಸಬೇಕಿದ್ದ ಆಪರೇಷನ್ನುಗಳು ಇಂದು ಕಾರ್ಡಿನ ಮೇಲೆ ಆಗುತ್ತಿವೆ.

ಕಷ್ಟ ಶುರುವಾಗುವುದು ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ. ರೋಗಿ ಬಿಡುಗಡೆಯಾದ ನಂತರದ 15 ದಿನಗಳ ಔಷಧ, ತಪಾಸಣೆಯ ಖರ್ಚನ್ನು ಆಯುಷ್ಮಾನ್ ಯೋಜನೆ ನೋಡಿಕೊಳ್ಳುತ್ತದೆ. ಆದರೆ ಸೊಂಟದ ಕೀಲಿನ ಬಳಿ ಎಲುಬು ಮುರಿದು ರಾಡು ಹಾಕಿಸಿಕೊಂಡ ಮುದುಕಿ 15 ದಿನಕ್ಕೆ ಬಚ್ಚಲಿಗೂ ಒಬ್ಬಳೇ ಹೋಗಲಾರಳು. ಅವಳಿಗೆ ತಿಂಗಳುಗಟ್ಟಲೆ ಕೈ ಹಿಡಿದು ನಡೆಸುವವರು ಬೇಕು. ಬಿತ್ತಿ, ಎಡೆ ಹೊಡೆಯದೆ ಬಿಟ್ಟ ಹೊಲದ ಗತಿಯೇ ಆಪರೇಷನ್ ಮಾಡಿ ವ್ಯಾಯಾಮ ಮಾಡಿಸದೆ ಬಿಟ್ಟ ದೇಹಕ್ಕೂ ಬರುತ್ತದೆ.

ನಮ್ಮದು ಎರಿ ಭೂಮಿ. ಮಳೆ ಬಿದ್ದರೆ ಓಣಿಯಲ್ಲಿ ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಹೆಸರು, ಕಡಲೆ, ಹತ್ತಿ ಹೊಲಗಳಲ್ಲಿ ಬಗ್ಗಿ ದುಡಿದ ಹೆಂಗಸರ ಎಲುಬು ವಯಸ್ಸಾಗುತ್ತ ಸವೆದಿರುತ್ತದೆ. ಒಮ್ಮೆ ಬಿದ್ದರೆ ಸಾಕು. ಆಪರೇಷನ್ ಆದವರನ್ನು ಮರುದಿನವೇ ಆಸರೆ ಕೊಟ್ಟು ಎಬ್ಬಿಸಿ ನಿಲ್ಲಿಸಬೇಕೆಂಬುದು ಇಂದಿನ ವೈದ್ಯಕೀಯದ ರೂಢಿ. ಹಾಸಿಗೆಯಲ್ಲೇ ಉಳಿದರೆ ತೊಡೆಯ ಸ್ನಾಯು ಕರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿಗೆ ಹಾಸಿಗೆ ಹುಣ್ಣು ಏಳುತ್ತದೆ. ಎಷ್ಟೋ ಮನೆಗಳಲ್ಲಿ ವೃದ್ಧರ ಜೀವ ತೆಗೆಯುವುದು ಮುರಿದ ಎಲುಬಲ್ಲ, ಆಮೇಲಿನ ಈ ಮಲಗುವಿಕೆ.

ಮನೆಯವರು ಅಕ್ಕರೆಯಿಂದಲೇ ತಪ್ಪು ದಾರಿ ಹಿಡಿಯುತ್ತಾರೆ. "ಮಲಕೋ ಯವ್ವಾ, ಏಳಬ್ಯಾಡ" ಎನ್ನುತ್ತಾರೆ. ಮೊಣಕಾಲು ಬದಲಿಸಿಕೊಂಡವರು ನೋವಿಗೆ ಹೆದರಿ ಮಡಚದೇ ಇದ್ದರೆ ಕೀಲು ಬಿಗಿದುಕೊಂಡು ಕೂತುಬಿಡುತ್ತದೆ. ಎದೆ ಕೊಯ್ದು ಬೈಪಾಸ್ ಮಾಡಿಸಿಕೊಂಡವರ ಎದೆ ಎಲುಬು ಕೂಡಲು ವಾರಗಟ್ಟಲೆ ಬೇಕು. ಅವರು ಕೊಡ ಎತ್ತಬಾರದು, ಆದರೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡೆಯಲೇಬೇಕು. ಸೊಂಟದ ಕೀಲು ಬದಲಿಸಿಕೊಂಡವರು ಕುಕ್ಕರುಗಾಲಿನಲ್ಲಿ ಕೂರಬಾರದು. ಹೊಸ್ತಿಲು ಎತ್ತರದ, ನೆಲದ ಮೇಲೆ ಕೂತು ಉಣ್ಣುವ ಮನೆಯಲ್ಲಿ ಇದನ್ನೆಲ್ಲ ಹೇಗೆ ಪಾಲಿಸಬೇಕೆಂದು ತೋರಿಸಿಕೊಡುವವರು ಬೇಕು.

ನನ್ನ ತಾಯಿಗೆ ಇಂಥದೊಂದು ಆಪರೇಷನ್ ಆದಾಗ ವ್ಯಾಯಾಮಗಳನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೊಟ್ಟು ಕಳಿಸಿದರು. ಫಿಸಿಯೋಥೆರಪಿಗೆ ಹುಬ್ಬಳ್ಳಿಗೆ ಕರೆದೊಯ್ಯಬೇಕೆಂದರೆ ಅಣ್ಣಿಗೇರಿಗೆ ಹೋಗಿ ಮುಂದೆ ಪ್ರಯಾಣಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಟಿಕೆಟ್ ಉಚಿತ, ನಿಜ. ಆದರೆ ವಾಕರ್ ಹಿಡಿದವಳು ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಹೇಗೆ? ಜೊತೆಗೆ ಹೋಗುವ ಮಗನ ದಿನಗೂಲಿ ಬಿಟ್ಟು ಹೋಗುತ್ತದೆ. ಹೀಗಾಗಿ ನಮ್ಮ ಓಣಿಗಳಲ್ಲಿ ಬಹಳ ಮಂದಿ ಒಂದೆರಡು ಸಲ ಹೋಗಿ ಕೈಬಿಡುತ್ತಾರೆ.

ನಾನು ಕೇಳುತ್ತಿರುವುದು ಹೊಸ ನೀತಿಯನ್ನಲ್ಲ. 2010–11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮವು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಪುನಶ್ಚೇತನ ಸೇವೆ ಇರಬೇಕು, ಹಾಸಿಗೆ ಹಿಡಿದವರ ಮನೆಗೇ ಸಿಬ್ಬಂದಿ ಹೋಗಬೇಕು ಎಂದು ಅಂದೇ ಹೇಳಿದೆ. ನೆರೆಯ ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಬೆಳೆದ ಉಪಶಮನ ಆರೈಕೆ, 2008ರಲ್ಲಿ ಸರ್ಕಾರದ ನೀತಿಯಾಯಿತು. ಅಲ್ಲಿ ಪಂಚಾಯಿತಿಗಳ ನೆರವಿನಿಂದ ನರ್ಸುಗಳು ರೋಗಿಗಳ ಮನೆಬಾಗಿಲಿಗೆ ಹೋಗುತ್ತಾರೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯೂ ಪುನಶ್ಚೇತನವನ್ನು ಆರೋಗ್ಯ ವ್ಯವಸ್ಥೆಯ ಎಲ್ಲ ಹಂತಗಳಲ್ಲಿ ಬಲಪಡಿಸಬೇಕೆಂಬ ನಿರ್ಣಯ ಅಂಗೀಕರಿಸಿದೆ. ಎಲ್ಲ ಹಂತ ಎಂದಾಗ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವೂ ಅದರಲ್ಲಿ ಸೇರಬೇಕು.

ತಮ್ಮಲ್ಲಿ ನನ್ನ ಕೋರಿಕೆಗಳು ನಾಲ್ಕು.

ಒಂದು, ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟನ್ನು ನೇಮಿಸಿ, ಶಲವಡಿಯಂಥ ದೊಡ್ಡ ಊರುಗಳ ಆರೋಗ್ಯ ಕೇಂದ್ರಕ್ಕೆ ವಾರದಲ್ಲೊಂದು ದಿನ ಗೊತ್ತುಮಾಡಿ. ಏಳಲಾಗದವರ ಮನೆಗೆ ಅದೇ ದಿನ ಅವರು ಹೋಗಲಿ.

ಎರಡು, ದೊಡ್ಡ ಆಸ್ಪತ್ರೆ ರೋಗಿಯನ್ನು ಬಿಡುಗಡೆ ಮಾಡುವಾಗಲೇ ಊರಿನ ವೈದ್ಯಾಧಿಕಾರಿಗೆ ಮಾಹಿತಿ ತಲುಪಲಿ. ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ, ಚಿತ್ರಸಹಿತವಾಗಿ ವ್ಯಾಯಾಮದ ಹಾಳೆ ಇರಲಿ.

ಮೂರು, ಹೊರಳಿಸಿ ಮಲಗಿಸುವುದು, ಎಬ್ಬಿಸಿ ಕೂರಿಸುವುದು, ಅಪಾಯದ ಲಕ್ಷಣ ಗುರುತಿಸುವುದು, ಇಷ್ಟನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಿ. ಈ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಗೌರವಧನ ಕೊಡಿ. ಈಗಿರುವ ಹೊರೆಯ ಮೇಲೆ ಬಿಟ್ಟಿ ಕೆಲಸ ಹೇರುವುದು ಬೇಡ.

ನಾಲ್ಕು, ವಾಕರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆಗಳನ್ನು ಆರೋಗ್ಯ ಕೇಂದ್ರದಲ್ಲಿಟ್ಟು ಬೇಕಾದವರಿಗೆ ಎರವಲು ಕೊಡಿ. ಒಬ್ಬರಿಗೆ ಮೂರು ತಿಂಗಳು ಬೇಕಾದ ವಸ್ತು ಆಮೇಲೆ ಇನ್ನೊಬ್ಬರಿಗಾಗುತ್ತದೆ.

ಒಂದು ಆಪರೇಷನ್ನಿಗೆ ಸರ್ಕಾರ ಸಾವಿರಾರು ರೂಪಾಯಿ ಖರ್ಚು ಮಾಡುತ್ತದೆ. ರೋಗಿ ಮತ್ತೆ ನಡೆದಾಗಲೇ ಆ ಹಣ ಸಾರ್ಥಕ. ಮುಂದಿನ ಬಜೆಟ್ ಸಿದ್ಧವಾಗುವ ಮುನ್ನ ಅಣ್ಣಿಗೇರಿ ತಾಲ್ಲೂಕಿನಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿ. ಜಾಗ, ಜನ, ಸಹಕಾರ ಒದಗಿಸಲು ಊರವರು ಮುಂದೆ ಬರುತ್ತೇವೆ. ಆದೇಶ ಮಾತ್ರ ತಮ್ಮಿಂದಲೇ ಹೊರಡಬೇಕು.

ಇಂತಿ ತಮ್ಮ ವಿಶ್ವಾಸಿ,
ಶಲವಡಿಯ ನಾಗರಿಕ