ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹಳೆಯ ಅಮೆರಿಕನ್ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡಿರುವವರ ನಡುವೆ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಕಾರು ಮಂಕಾಯಿತೇ? ಕಾರ್ಖಾನೆಯಿಂದ ಬಂದ ಕಾರ್ಬ್ಯುರೇಟರನ್ನು ಕಿತ್ತೆಸೆಯಿರಿ. ಬೇರೆ ಕಂಪನಿಯ ಹೊಸದೊಂದನ್ನು ತಂದು ಅದೇ ಜಾಗದಲ್ಲಿ ಕೂರಿಸಿ, ನಾಲ್ಕು ಬೋಲ್ಟು ಬಿಗಿಯಿರಿ. ಸಂಜೆಯೊಳಗೆ ಕೆಲಸ ಮುಗಿಯಿತು. ಕೈಯಿಂದ ಗೇರು ಬದಲಿಸುವ ಕಾರಿನ ಮಟ್ಟಿಗೆ ಈ ಮಾತು ಅರ್ಧ ಸತ್ಯ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹಳೆಯ ಕಾರಿನ ಮಟ್ಟಿಗೆ ಇದು ಜೇಬು ಸುಡುವ ಸುಳ್ಳು. ಈ ಸುಳ್ಳನ್ನು ಮಾರುವವರೂ ನಂಬುವವರೂ ಹೆಚ್ಚಾಗಿರುವುದರಿಂದ ಇಂದು ಸ್ವಲ್ಪ ನಿಷ್ಠುರವಾಗಿಯೇ ಬರೆಯುತ್ತಿದ್ದೇನೆ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಅಮೆರಿಕದಲ್ಲಿ ನೆಲೆಸಿದ್ದೀರಿ. ಕೆಲವರಿಗೆ ಹಳೆಯ ಕಾರಿನ ಗೀಳೂ ಅಂಟಿಕೊಂಡಿದೆ. ನೀವು ಬೆಳೆದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಊರುಗಳಲ್ಲಿ. ಆ ಕಾರುಗಳಲ್ಲಿ ಕಾರ್ಬ್ಯುರೇಟರ್ ಎಂಬುದು ಎಂಜಿನ್ನಿನ ಬಾಬತ್ತು, ಗೇರ್‌ಬಾಕ್ಸ್‌ಗೂ ಅದಕ್ಕೂ ಮಾತುಕತೆಯಿರಲಿಲ್ಲ. ಘಾಟಿಯ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿದೆಯೆಂದು ತಿಳಿಯುತ್ತಿದ್ದುದು ಚಾಲಕನ ಕಿವಿಗೆ. ಗೇರು ಇಳಿಸುತ್ತಿದ್ದುದು ಅವನ ಕೈ. ನಡುವಿನ ವಿವೇಚನೆಯೆಲ್ಲ ಮನುಷ್ಯನದು. ಆಟೊಮ್ಯಾಟಿಕ್ ಕಾರಿನಲ್ಲಿ ಆ ಮನುಷ್ಯನ ಕೆಲಸವನ್ನು ಒಂದು ತಂತಿಯೋ, ಸರಳೋ, ರಬ್ಬರ್ ಕೊಳವೆಯೋ ಮಾಡುತ್ತದೆ. ಆ ತಂತಿಯ ಒಂದು ತುದಿ ಕಾರ್ಬ್ಯುರೇಟರಿನಲ್ಲಿರುತ್ತದೆ, ಇನ್ನೊಂದು ತುದಿ ಗೇರ್‌ಬಾಕ್ಸ್‌ನೊಳಗೆ. ನಾಲ್ಕು ಬೋಲ್ಟಿನ ವಾದ ಮಾಡುವವರು ಮರೆಯುವುದು ಈ ತಂತಿಯನ್ನು.

ಜನರಲ್ ಮೋಟಾರ್ಸ್ 1982ರ ಮಾದರಿಗಳಲ್ಲಿ ತಂದ 700-ಆರ್4 ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಅದರೊಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಎಂಜಿನ್ ಹೆಚ್ಚು ಬಲ ಹಾಕಿದಾಗ ಒತ್ತಡವೂ ಹೆಚ್ಚಬೇಕು; ಇಲ್ಲವಾದರೆ ಪ್ಲೇಟುಗಳು ಜಾರುತ್ತವೆ. ಎಂಜಿನ್ ಎಷ್ಟು ಬಲ ಹಾಕುತ್ತಿದೆಯೆಂಬ ಸುದ್ದಿಯನ್ನು ಒಯ್ಯುವುದು ಥ್ರಾಟಲ್ ವಾಲ್ವ್ ಕೇಬಲ್, ಅಂದರೆ ಕಾರ್ಬ್ಯುರೇಟರಿನ ಥ್ರಾಟಲ್ ಸನ್ನೆಕೋಲಿಗೆ ಕಟ್ಟಿದ ತಂತಿ. ನೀವು ಪೆಡಲನ್ನು ತುಳಿದಷ್ಟೂ ಅದು ಎಳೆಯುತ್ತದೆ, ಒತ್ತಡ ಏರುತ್ತದೆ, ಗೇರು ಬದಲಾಗುವ ವೇಗವೂ ಅದಕ್ಕೆ ತಕ್ಕಂತೆ ಸರಿಯುತ್ತದೆ. ಕಾರ್ಖಾನೆಯವರು ಆ ಸನ್ನೆಕೋಲಿನ ಉದ್ದವನ್ನೂ ಕೋನವನ್ನೂ ಅಳೆದು ಇಟ್ಟಿರುತ್ತಾರೆ. ಹೊಸ ಕಾರ್ಬ್ಯುರೇಟರಿನಲ್ಲಿ ತಂತಿಯನ್ನು ಸಿಕ್ಕಿಸುವ ತೂತು ಸ್ವಲ್ಪ ಆಚೀಚೆ ಇದ್ದರೆ ಸಾಕು, ಪೂರ್ತಿ ತುಳಿದಾಗ ಎಳೆತ ಸರಿಯಾಗಿದ್ದರೂ ಅರ್ಧ ತುಳಿದಾಗ ಕಡಿಮೆಯಾಗುತ್ತದೆ. ನಾವು ದಿನವೂ ಕಾರು ಓಡಿಸುವುದು ಆ ಅರ್ಧದಲ್ಲಿ. ಎಂಜಿನ್ ಬಲ ಹಾಕುತ್ತದೆ, ಒತ್ತಡ ಹಿಂದುಳಿಯುತ್ತದೆ, ಪ್ಲೇಟು ಜಾರಿ ಉರಿಯುತ್ತದೆ. ಚಾಲಕನಿಗೆ ಅದು ಕಾಣುವುದಿಲ್ಲ, ಕೇಳಿಸುವುದಿಲ್ಲ. ಗೇರು ಬಲು ನಯವಾಗಿ ಬದಲಾಗುತ್ತಿದೆಯೆಂದು ಆತ ಸಂತೋಷಪಡುತ್ತಾನೆ. ಆ ನಯವೇ ರೋಗದ ಲಕ್ಷಣ.

ಇದು ಪುಸ್ತಕದ ಮಾತಷ್ಟೇ ಅಲ್ಲ. ಓಹಿಯೊದಲ್ಲಿರುವ ನನ್ನ ತಂಗಿಯ ಮಗನ ಬಳಿ 1984ರ ಶೆವ್ರೊಲೆ ಕಮಾರೊ ಇದೆ. 305 ಘನ ಅಂಗುಲದ ಎಂಜಿನ್, 700-ಆರ್4 ಗೇರ್‌ಬಾಕ್ಸ್. ಅಲ್ಲಿನ ಒಂದು ವರ್ಕ್‌ಷಾಪಿನವರು ಹಳೆಯ ಕಾರ್ಬ್ಯುರೇಟರನ್ನು ತೆಗೆದು ಹೊಸದನ್ನು ಕೂರಿಸಿದರು. ಕೇಬಲ್ಲನ್ನು ಸಿಕ್ಕ ತೂತಿಗೆ ಒಂದು ಕೊಂಡಿ ಹಾಕಿ ಕಟ್ಟಿದರು. ಎಂಜಿನ್ ಗಡಿಯಾರದಂತೆ ನಡೆಯಿತು, ಹಣ ಎಣಿಸಿಕೊಂಡರು. ಕೆಲವೇ ವಾರಗಳಲ್ಲಿ ಮೂರನೆಯ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ಕಾರು ತೇಲತೊಡಗಿತು. ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. ಕಾರ್ಬ್ಯುರೇಟರ್ ಮಾರಿದವರು, "ನಮ್ಮ ಸರಕು ಸರಿಯಾಗಿದೆ" ಎಂದರು. ವರ್ಕ್‌ಷಾಪಿನವರು, "ಎಂಜಿನ್ ಚೆನ್ನಾಗಿ ಓಡುತ್ತಿದೆಯಲ್ಲ" ಎಂದರು. ಗೇರ್‌ಬಾಕ್ಸ್ ಬಿಚ್ಚಿದವರು, "ಹಳೆಯ ಪೆಟ್ಟಿಗೆ, ಆಯಸ್ಸು ಮುಗಿದಿತ್ತು" ಎಂದರು. ಮೂವರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳಿದಂತೆ ಕಾಣುತ್ತದೆ. ಮೂರು ನಿಜಗಳು ಸೇರಿ ಒಂದು ದೊಡ್ಡ ಸುಳ್ಳಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪು ಕಾರ್ಬ್ಯುರೇಟರಿನ ಕೊಂಡಿಯಲ್ಲಿ, ಶಿಕ್ಷೆ ಗೇರ್‌ಬಾಕ್ಸ್‌ಗೆ, ದಂಡ ಹುಡುಗನಿಗೆ. ಕಾರ್ಬ್ಯುರೇಟರಿಗೆ ಕೊಟ್ಟ ಹಣದ ಹಲವು ಪಟ್ಟನ್ನು ಆತ ಗೇರ್‌ಬಾಕ್ಸ್‌ಗೆ ಸುರಿದ. "ಮಾವ, ಹೊಸದು ಹಾಕಿಸಿದ್ದೇ ತಪ್ಪಾಯಿತೇ?" ಎಂದು ಫೋನಿನಲ್ಲಿ ಕೇಳಿದ. ಹೊಸದು ಹಾಕಿಸಿದ್ದು ತಪ್ಪಲ್ಲ. ಹೊಸದು ಹಾಕಿದವರು ಅರ್ಧ ಕೆಲಸ ಮಾಡಿ ಪೂರ್ತಿ ಕೂಲಿ ಪಡೆದದ್ದು ತಪ್ಪು.

ಎರಡನೆಯ ಸುಳ್ಳು, ದೊಡ್ಡದಾದಷ್ಟೂ ಒಳ್ಳೆಯದು ಎಂಬುದು. ಕಾರ್ಬ್ಯುರೇಟರಿನ ಗಾತ್ರವನ್ನು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯುತ್ತದೆಂಬ ಲೆಕ್ಕದಲ್ಲಿ ಹೇಳುತ್ತಾರೆ. ಅಂಗಡಿಯವರು 750 ಎನ್ನುತ್ತಾರೆ, ಕೊಳ್ಳುವವರು ಕಣ್ಣರಳಿಸುತ್ತಾರೆ. ತರಗತಿಯಲ್ಲಿ ಮಾಡುತ್ತಿದ್ದಂತೆ ಒಂದು ಲೆಕ್ಕ ಮಾಡೋಣ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. ಒಂದು ಘನ ಅಡಿಗೆ 1728 ಘನ ಅಂಗುಲ. ಎರಡರಿಂದ ಗುಣಿಸಿದರೆ 3456. ನಿಮಿಷಕ್ಕೆ 5000 ಸುತ್ತಿನಲ್ಲಿ 305 ಘನ ಅಂಗುಲದ ಎಂಜಿನ್ನಿಗೆ 305ನ್ನು 5000ದಿಂದ ಗುಣಿಸಿ 3456ರಿಂದ ಭಾಗಿಸಿದರೆ ಸುಮಾರು 441 ಘನ ಅಡಿ. ಅದೂ ಸಿಲಿಂಡರುಗಳು ನೂರಕ್ಕೆ ನೂರು ತುಂಬಿದರೆ. ಸಾಮಾನ್ಯ ಎಂಜಿನ್ ನೂರಕ್ಕೆ 85ರಷ್ಟು ತುಂಬಿತೆಂದರೆ 375 ಸಾಕು. ಅಗತ್ಯಕ್ಕಿಂತ ಅಗಲವಾದ ಗಂಟಲಿನಲ್ಲಿ ಗಾಳಿ ನಿಧಾನವಾಗಿ ಹರಿಯುತ್ತದೆ. ನಿಧಾನವಾದ ಗಾಳಿ ಪೆಟ್ರೋಲನ್ನು ಸರಿಯಾಗಿ ಎಳೆಯುವುದಿಲ್ಲ, ಬೆರೆಸುವುದಿಲ್ಲ. ಆಟೊಮ್ಯಾಟಿಕ್ ಕಾರಿನ ಎಂಜಿನ್ನೋ, ಸಿಗ್ನಲಿನಲ್ಲಿ ನಿಂತಾಗಲೂ ಗೇರಿನಲ್ಲಿಯೇ ಹೊರೆ ಹೊತ್ತು ನಿಲ್ಲಬೇಕು, ಕಡಿಮೆ ಸುತ್ತಿನಿಂದಲೇ ಕಾರನ್ನು ಎಬ್ಬಿಸಬೇಕು. ಆದ್ದರಿಂದಲೇ ಭಾರವಾದ ಆಟೊಮ್ಯಾಟಿಕ್ ಕಾರುಗಳಿಗೆ, ಎಂಜಿನ್ನಿನ ಅಗತ್ಯ ನೋಡಿಕೊಂಡು ನಿರ್ವಾತದ ಬಲದಿಂದ ಎರಡನೆಯ ಜೋಡಿ ಗಂಟಲುಗಳನ್ನು ತೆರೆಯುವ ಕಾರ್ಬ್ಯುರೇಟರುಗಳು ಒಪ್ಪುತ್ತವೆ. ಕಾಲಿನ ತುಳಿತಕ್ಕೇ ಎಲ್ಲವನ್ನೂ ತೆರೆದುಬಿಡುವ ಜಾತಿಯವು ಪಂದ್ಯದ ಕಾರಿಗೆ ಲೇಸು.

"ಮೇಷ್ಟ್ರೇ, ಕಾರ್ಖಾನೆಯವರು ಹಾಕಿದ ಕ್ವಾಡ್ರಾಜೆಟ್ಟೂ 750 ಘನ ಅಡಿಯದೇ ಅಲ್ಲವೇ?" ಎಂದು ನಿಮ್ಮಲ್ಲಿ ಯಾರಾದರೂ ಕೇಳುತ್ತೀರಿ, ಕೇಳಬೇಕು. ಹೌದು. 1965ರಲ್ಲಿ ಬಂದ ರಾಚೆಸ್ಟರ್ ಕ್ವಾಡ್ರಾಜೆಟ್ಟಿಗೆ ನಾಲ್ಕು ಗಂಟಲು. ಮುಂದಿನ ಎರಡು ಸುಮಾರು 35 ಮಿಲಿಮೀಟರಿನ ಚಿಕ್ಕವು, ಹಿಂದಿನ ಎರಡು ಸುಮಾರು 57 ಮಿಲಿಮೀಟರಿನ ದೊಡ್ಡವು. ಊರೊಳಗಿನ ಓಡಾಟವೆಲ್ಲ ಚಿಕ್ಕ ಗಂಟಲುಗಳಲ್ಲಿಯೇ ನಡೆಯುತ್ತದೆ. ದೊಡ್ಡವುಗಳ ಮೇಲೆ ಸ್ಪ್ರಿಂಗಿನ ಗಾಳಿಬಾಗಿಲಿದೆ. ಎಂಜಿನ್ ಎಷ್ಟು ಬೇಡುತ್ತದೋ ಅಷ್ಟೇ ತೆರೆಯುತ್ತದೆ. 750 ಎಂಬುದು ಅದು ಕೊಡಬಲ್ಲ ಗರಿಷ್ಠ, ಸದಾ ಸುರಿಯುವ ಪ್ರಮಾಣವಲ್ಲ. ಇದನ್ನು ಅರಿಯದವರು ಅದನ್ನು ಗುಜರಿ ಎಂದು ಕರೆದರು. ಅದಕ್ಕೆ ರೋಗಗಳಿಲ್ಲವೆಂದಲ್ಲ: ಥ್ರಾಟಲ್ ದಂಡದ ತೂತು ಸವೆದು ಗಾಳಿ ನುಸುಳುತ್ತದೆ, ತಳದ ಬಿರಡೆಗಳು ಸೋರುತ್ತವೆ, ತೇಲುಬುರುಡೆ ಪೆಟ್ರೋಲು ಕುಡಿದು ಭಾರವಾಗುತ್ತದೆ. ಇವೆಲ್ಲ ಬಲ್ಲವನ ಕೈಯಲ್ಲಿ ವಾಸಿಯಾಗುವ ರೋಗಗಳು. ಬಲ್ಲವರ ಸಂಖ್ಯೆ ಕುಗ್ಗಿತು. ಕೈಗೆ ಬಾರದ ವಿದ್ಯೆಯನ್ನು ಕೆಟ್ಟ ವಸ್ತು ಎಂದು ಕರೆದುಬಿಡುವುದು ಸುಲಭವಾಯಿತು.

ಮೂರನೆಯ ಪ್ರಮಾದ, 1980ರ ದಶಕದ ಕಾರುಗಳಲ್ಲಿನ ಕಂಪ್ಯೂಟರಿನ ವೈರುಗಳನ್ನು ಕತ್ತರಿಸಿ ಬಿಡುವುದು. 1981ರಿಂದ ಜನರಲ್ ಮೋಟಾರ್ಸ್‌ನ ಕಾರುಗಳಲ್ಲಿ ಕಾರ್ಬ್ಯುರೇಟರನ್ನೂ ಕಿಡಿಯ ಸಮಯವನ್ನೂ ಕಂಪ್ಯೂಟರ್ ನಿಯಂತ್ರಿಸತೊಡಗಿತು. ಆ ಡಿಸ್ಟ್ರಿಬ್ಯೂಟರಿಗೆ ಕಿಡಿಯನ್ನು ತಾನಾಗಿಯೇ ಮುಂದೂಡುವ ಹಳೆಯ ಏರ್ಪಾಡಿಲ್ಲ. ನನ್ನ ಸೋದರಳಿಯನ ಕಾರಿನಂಥ ಕಾರುಗಳಲ್ಲಿ ಹೆದ್ದಾರಿಯ ವೇಗದಲ್ಲಿ ಟಾರ್ಕ್ ಕನ್ವರ್ಟರನ್ನು ಜಾರದಂತೆ ಬಿಗಿಹಿಡಿಯುವ ಕ್ಲಚ್ಚಿಗೂ ಅಪ್ಪಣೆ ಕೊಡುವುದು ಅದೇ ಕಂಪ್ಯೂಟರ್. ಕಾರ್ಬ್ಯುರೇಟರಿನ ಜೊತೆಗೆ ಥ್ರಾಟಲ್ ಸಂವೇದಕವನ್ನೂ ಕಿತ್ತರೆ ಕಂಪ್ಯೂಟರ್ ಕುರುಡಾಗುತ್ತದೆ. ಕನ್ವರ್ಟರ್ ಸದಾ ಜಾರುತ್ತ ಎಣ್ಣೆಯನ್ನು ಕಾಯಿಸುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಸುತ್ತದೆ. ಸರಳವಾದ ಕಾರ್ಬ್ಯುರೇಟರೇ ಬೇಕಿದ್ದರೆ ಡಿಸ್ಟ್ರಿಬ್ಯೂಟರನ್ನೂ ಬದಲಿಸಬೇಕು, ಆ ಕ್ಲಚ್ಚಿಗೆ ಬೇರೆ ವೈರಿಂಗನ್ನೂ ಮಾಡಬೇಕು. ಇದನ್ನು ಮೊದಲೇ ಹೇಳಿದರೆ ಗಿರಾಕಿ ಹಿಂಜರಿದಾನೆಂದು ಹೇಳುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿರುವವರಿಗೆ ಇನ್ನೊಂದು ಮಾತು: ಅಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿಯಿರುವುದು 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಮಾತ್ರ. ನಂತರದ ಕಾರಿಗೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆಯಿಲ್ಲದ ಕಾರ್ಬ್ಯುರೇಟರ್ ಹಾಕಿಸಿದರೆ, ಹೊಗೆ ಎಷ್ಟೇ ಶುದ್ಧವಿದ್ದರೂ ಕಣ್ಣಿನ ತಪಾಸಣೆಯಲ್ಲಿಯೇ ಕಾರು ಅನುತ್ತೀರ್ಣವಾಗುತ್ತದೆ.

ಎಲ್ಲ ಆಟೊಮ್ಯಾಟಿಕ್ಕುಗಳೂ ಒಂದೇ ಎಂದು ಭಾವಿಸುವುದೂ ಸಲ್ಲದು. 1969ರಲ್ಲಿ ಬಂದ ಟರ್ಬೊ 350ಕ್ಕೆ ಸುದ್ದಿ ಮುಟ್ಟುವುದು ಎಂಜಿನ್ನಿನ ನಿರ್ವಾತದಿಂದ, ರಬ್ಬರ್ ಕೊಳವೆಯ ಮೂಲಕ. ಅದರ ಕೇಬಲ್ ಪೂರ್ತಿ ತುಳಿದಾಗ ಗೇರು ಇಳಿಸುವುದಕ್ಕೆ ಮಾತ್ರ. ಆ ಕೊಳವೆಯನ್ನು ಹೊಸ ಕಾರ್ಬ್ಯುರೇಟರಿನ ತಪ್ಪು ಮೂತಿಗೆ ಸಿಕ್ಕಿಸಿದರೆ, ನಿಂತ ಕಾರೂ ಬೆಟ್ಟ ಹತ್ತುತ್ತಿದೆಯೆಂದು ಗೇರ್‌ಬಾಕ್ಸ್ ಭ್ರಮಿಸಿ, ಗೇರು ಹಾಕಿದೊಡನೆ ಧಡಕ್ಕೆನ್ನುತ್ತದೆ. ಟರ್ಬೊ 400ರಲ್ಲಿ ಗೇರು ಇಳಿಸುವ ಅಪ್ಪಣೆ ವಿದ್ಯುತ್ತಿನದು. 1980ರಿಂದ ಫೋರ್ಡ್ ಬಳಸಿದ ಎ.ಒ.ಡಿ. ಪೆಟ್ಟಿಗೆಗೂ ಕ್ರೈಸ್ಲರಿನ ಟಾರ್ಕ್‌ಫ್ಲೈಟಿಗೂ ಕಾರ್ಬ್ಯುರೇಟರಿನಿಂದ ಬರುವ ಸರಳೇ ಪ್ರಾಣ. ಗೇರ್‌ಬಾಕ್ಸ್‌ನ ಹೆಸರನ್ನೇ ಕೇಳದೆ ಕಾರ್ಬ್ಯುರೇಟರ್ ಮಾರುವವನು, ಕಣ್ಣು ಪರೀಕ್ಷಿಸದೆ ಕನ್ನಡಕ ಮಾರುವವನಿಗೆ ಸಮಾನ.

ಹಾಗಾದರೆ ಹೊಸ ಕಾರ್ಬ್ಯುರೇಟರ್ ಬೇಡವೇ? ಹಳೆಯದು ನಿಜವಾಗಿಯೂ ಕೈಮೀರಿ ಸವೆದಿದ್ದರೆ ಧಾರಾಳವಾಗಿ ಹಾಕಿಸಿ. ಕೇಬಲ್ಲಿನ ಎಳೆತವನ್ನು ಕಾರ್ಖಾನೆಯ ಅಳತೆಗೆ ತರುವ ಬ್ರಾಕೆಟ್ಟುಗಳೂ ತಿದ್ದುಪಟ್ಟಿಗಳೂ ಅಂಗಡಿಯಲ್ಲಿಯೇ ಸಿಗುತ್ತವೆ. ಕಾರ್ಬ್ಯುರೇಟರಿನ ಮುಂದೆ ಅವುಗಳ ಬೆಲೆ ಅಲ್ಪ, ಗೇರ್‌ಬಾಕ್ಸ್‌ನ ಮುಂದೆ ಏನೇನೂ ಅಲ್ಲ. ಆದರೆ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನನ್ನ ಗೇರ್‌ಬಾಕ್ಸ್ ಯಾವುದು, ಅದಕ್ಕೆ ಸುದ್ದಿ ಮುಟ್ಟುವುದು ಹೇಗೆ? ಕೇಬಲ್ಲನ್ನು ಪೂರ್ತಿ ತುಳಿತದಲ್ಲಿ ಮಾತ್ರವಲ್ಲದೆ ನಡುವಿನ ತುಳಿತದಲ್ಲಿಯೂ ಸರಿನೋಡಿ, ಒತ್ತಡದ ಮಾಪಕ ಹಚ್ಚಿ ಪರೀಕ್ಷಿಸುತ್ತೀರಾ? ಪರೀಕ್ಷಿಸಿದ್ದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಮೂರನೆಯದು ಅತಿ ಮುಖ್ಯ. ಬಾಯಿಮಾತಿನ ಭರವಸೆ ಮೂವರ ನಡುವೆ ಹೇಗೆ ಕರಗಿಹೋಗುತ್ತದೆಂದು ಮೇಲೆ ನೋಡಿದಿರಿ. ಬರೆದದ್ದು ಒಬ್ಬನ ತಲೆಯ ಮೇಲೆ ನಿಲ್ಲುತ್ತದೆ. ಈ ಮೂರಕ್ಕೂ ನೇರವಾದ ಉತ್ತರ ಸಿಗುವ ತನಕ ಕಾರಿನ ಕೀಲಿಕೈಯನ್ನು ಅವರ ಕೈಗೆ ಕೊಡಬೇಡಿ.