ಓದದ ಕೈಯಿಂದ ರೈಟ್

ಕನ್ನಡ ಶಾಲೆಯಲ್ಲಿ ಅದನ್ನು ಯಾರೂ ಟಿಕ್ ಎನ್ನುತ್ತಿರಲಿಲ್ಲ. ಮೇಷ್ಟ್ರು ‘ರೈಟ್’ ಹಾಕುತ್ತಿದ್ದರು. ಕೆಂಪು ಶಾಯಿಯ ಆ ಗೆರೆಗೆ ಒಂದೇ ಅರ್ಥ: ಒಬ್ಬರು ಇದನ್ನು ಓದಿದ್ದಾರೆ, ಓದಿ ಸರಿ ಎಂದಿದ್ದಾರೆ. (ಜಪಾನಿನ ಮಕ್ಕಳಿಗೆ ಅದೇ ಗೆರೆ ಕಂಡರೆ ಎದೆ ಧಸಕ್ಕೆನ್ನಬೇಕು. ಅಲ್ಲಿ ಸರಿ ಉತ್ತರಕ್ಕೆ ಸೊನ್ನೆ ಸುತ್ತುತ್ತಾರೆ, ಟಿಕ್ ಬೀಳುವುದು ತಪ್ಪಿಗೆ.)

ಈಗ ಆ ಗೆರೆ ಓದದವರ ಕೈಗೆ ಬಂದಿದೆ. ಪುಣೆಯ ಮಗನ ಮನೆಗೆ ಬಂದ ಧಾರವಾಡದ ತಾಯಿ ವಾಪಸ್ ಹೋಗಲು ಮೊಬೈಲಿನಲ್ಲಿ ಟಿಕೆಟ್ ಮಾಡಲು ಕೂತರೆ, ‘ಎಲ್ಲ ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಇಂಗ್ಲಿಷ್ ಸಾಲಿನ ಪಕ್ಕ ಒಂದು ಚೌಕ. ಒತ್ತದಿದ್ದರೆ ಟಿಕೆಟ್ ಇಲ್ಲ. ಷರತ್ತುಗಳೋ ಪುಟಗಟ್ಟಲೆ ವಕೀಲರ ಇಂಗ್ಲಿಷ್. ಅವರು ಒತ್ತುತ್ತಾರೆ. ಅಲ್ಲಿಗೆ ಓದದ್ದನ್ನು ಓದಿದ್ದೇನೆ ಎಂದು ಬರೆದುಕೊಟ್ಟಂತಾಯಿತು.

ಯಾರೂ ಓದುವುದಿಲ್ಲ, ಇದಕ್ಕೇಕೆ ತಕರಾರು ಎನ್ನುವವರಿದ್ದಾರೆ. ಯಾರೂ ಓದುವುದಿಲ್ಲ ಎಂಬುದು ಕಂಪನಿಗೂ ಗೊತ್ತಿದ್ದ ಮೇಲೆ ‘ಓದಿದ್ದೇನೆ’ ಎಂದು ಬರೆಸಿಕೊಳ್ಳುವುದು ಏತಕ್ಕೆ? ನಾಳೆ ಜಗಳ ಬಂದರೆ ತೋರಿಸಲಿಕ್ಕೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಸಾಹುಕಾರನ ಪತ್ರಕ್ಕೂ ಇದಕ್ಕೂ ಬಹಳ ದೂರವಿಲ್ಲ. ಸಾಹುಕಾರ ಪತ್ರವನ್ನು ಓದಿ ಹೇಳುವ ನಾಟಕವನ್ನಾದರೂ ಆಡುತ್ತಿದ್ದ.

ಇದಕ್ಕಿಂತ ಕೆಟ್ಟದ್ದು ಮೊದಲೇ ರೈಟ್ ಹಾಕಿಟ್ಟ ಚೌಕ. ವಿಮೆಯೋ ದೇಣಿಗೆಯೋ, ತೆಗೆಯಲು ಮರೆತರೆ ದುಡ್ಡು ಹೋಯಿತು. ಅಂಥ ಚೌಕ ಸಮ್ಮತಿಯಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಪ್ಲಾನೆಟ್49 ಮೊಕದ್ದಮೆಯಲ್ಲಿ ಹೇಳಿತು. ಭಾರತದ 2020ರ ಇ-ಕಾಮರ್ಸ್ ನಿಯಮಗಳೂ ಅದನ್ನು ನಿಷೇಧಿಸಿವೆ. 2023ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಪಟ್ಟಿ ಮಾಡಿದ 13 ಮೋಸಗಳಲ್ಲಿ, ಗಿರಾಕಿಯನ್ನು ಕೇಳದೆ ಬುಟ್ಟಿಗೆ ಸರಕು ತುರುಕುವುದೂ ಒಂದು. ನಿಯಮಕ್ಕೇನೂ ಬರವಿಲ್ಲ.

ಬರವಿರುವುದು ಕೇಳುವವರಿಗೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಮ್ಮತಿ ಕೇಳುವ ಬರಹವನ್ನು ಇಂಗ್ಲಿಷಿನಲ್ಲಾಗಲಿ ಎಂಟನೇ ಪರಿಶಿಷ್ಟದ 22 ಭಾಷೆಗಳಲ್ಲಿ ಯಾವುದರಲ್ಲೇ ಆಗಲಿ ಓದುವ ಆಯ್ಕೆ ಕೊಡಬೇಕು. ಆ 22ರಲ್ಲಿ ಕನ್ನಡವಿದೆ. ಕರ್ನಾಟಕದ ಗಡಿ ದಾಟಿದ ಮಾತ್ರಕ್ಕೆ ಈ ಹಕ್ಕು ಉದುರಿಹೋಗುವುದಿಲ್ಲ, ದಾದರಿನಲ್ಲಿ, ಟಿ. ನಗರದಲ್ಲಿ ಕೂತವರಿಗೂ ಅದು ಅಷ್ಟೇ ಇದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಕಂಪನಿಗಳಿಗೆ 18 ತಿಂಗಳ ಗಡುವು ಸಿಕ್ಕಿತು. ಕೇಳುವವರಿಲ್ಲದಿದ್ದರೆ ಮೊದಲು ಕೈಬಿಡುವುದು ಹೊರನಾಡಿನ ಕನ್ನಡವನ್ನೇ. ಮುಂಬಯಿಯವರಿಗೆ ಹಿಂದಿ ಸಾಕಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಬ್ಯಾನರ್ ಕಟ್ಟುವ ಉತ್ಸಾಹದ ಕಾಲುಭಾಗ ಇದಕ್ಕೆ ಸಾಕು. ಸದಸ್ಯರು ಬಳಸುವ ಬ್ಯಾಂಕಿನ, ಆಸ್ಪತ್ರೆಯ ಆ್ಯಪ್ ನಡೆಸುವವರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದೊಂದು ಪತ್ರ: ಷರತ್ತುಗಳನ್ನು ಕನ್ನಡದಲ್ಲಿ ಕೊಡಿ, ಓದಿ ನೋಡಿ ರೈಟ್ ಹಾಕುತ್ತೇವೆ.